ಬಲಕ್ಕೆ ತಿರುಗಿಸಿದ್ರೆ ಗರ್ರ್ ಅನ್ನೋ ಪಿಕಪ್ ಗಾಡಿ: ಓಡಿಸಿ ಓಡಿಸಿ ಬರೆದ ರಿವ್ಯೂ

ಮೈಲೇಜ್ ಎಷ್ಟು, ಎಷ್ಟು ಕೆಜಿ ಪಾಸಿಂಗು, ಡೆಕ್ ಎಷ್ಟು ಅಡಿ ಇವೆಲ್ಲ ಶೋರೂಮ್ ಪಾಂಪ್ಲೆಟ್‌ನಲ್ಲೇ ಐತೆ, ಅದನ್ನ ನಾನೇನು ಬರೆಯೋದು. ಕಂಪನಿ ಹೆಸರೂ ಹಾಕಲ್ಲ, ಹಾಕಿದ್ರೆ ಕೆಳಗೆ ಆ ಗಾಡಿಯವ್ರು ಈ ಗಾಡಿಯವ್ರು ಹೊಡೆದಾಡ್ತಾರೆ. ಡೀಸೆಲ್, ಹಿಂದಿನ ಚಕ್ರಕ್ಕೆ ಪವರ್, ಹಿಂದೆ ಕಮಾನ್ ಪ್ಲೇಟು (ಲೀಫ್ ಸ್ಪ್ರಿಂಗು), ಡ್ರಮ್ ಬ್ರೇಕು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕಂತು ಇನ್ನೂ ನಡೀತಾ ಐತೆ. ಇಷ್ಟು ಸಾಕು.

ನನ್ನ ಲೈನ್ ಏನಂದ್ರೆ ದಾವಣಗೆರೆ ಮಂಡಕ್ಕಿ ಭಟ್ಟಿಯಿಂದ ಚೀಲ ತುಂಬ್ಕೊಂಡು ಚಿತ್ರದುರ್ಗ, ಚಳ್ಳಕೆರೆ ಅಂಗಡಿಗಳಿಗೆ ಹಾಕೋದು, ಬರುವಾಗ ಚಳ್ಳಕೆರೆ ಮಿಲ್ಲಿಂದ ಶೇಂಗಾ ಎಣ್ಣೆ ಟಿನ್ನು, ಸಿಕ್ಕಿದ್ರೆ ಹಿಂಡಿ ಚೀಲ. ಬೆಳಗ್ಗೆ ಭಟ್ಟಿ ಹತ್ರ ಲೋಡ್ ಮಾಡೋದೇ ನಂಗೊಂದು ಖುಷಿ. ಚೀಲ ಇನ್ನೂ ಬೆಚ್ಚಗಿರ್ತವೆ, ಕ್ಯಾಬಿನ್‌ಗಿಂತ ಮೇಲಕ್ಕೆ ಪೇರಿಸಿದ್ರೂ ಗಾಡಿಗೆ ಗೊತ್ತೇ ಆಗಲ್ಲ, ತೂಕ ಇರಲ್ಲ ಗಾಳಿ ಹಿಡಿಯುತ್ತೆ ಅಷ್ಟೇ, ಅದಕ್ಕೆ ಹಗ್ಗ ಮಾತ್ರ ನಾನೇ ಬಿಗಿಯೋದು, ಬೇರೆಯವ್ರ ಕೈಗೆ ಕೊಡಲ್ಲ. ತಾಡಪಾಲ್ ಮೂಲೆ ಮಡಚಿ, ಹುಕ್ಕಿಗೆ ಹಗ್ಗ ಹಾಕಿ, ಟೈರ್ ಮೇಲೆ ಒಂದು ಕಾಲಿಟ್ಟು ಎಳೀಬೇಕು. ಆಮೇಲೆ ಒಂದು ಊದಿನಕಡ್ಡಿ, ಒಂದು ಟೀ, ಹೈವೇ.

ಸೌಂಡ್ ಶುರು ಆಗಿದ್ದು ಮಳೆಗಾಲ ಮುಗಿದ ಮೇಲೆ. ಸರ್ಕಲ್ ಸುತ್ತುವಾಗ ಗರ್ರ್... ಅಂತ, ರಾಗಿ ಕಲ್ಲಿಗೆ ಮರಳು ಬಿದ್ದಂಗೆ. ಸರ್ವೀಸ್ ರೋಡಿಂದ ಅಂಡರ್‌ಪಾಸ್ ಒಳಗೆ ಬಲಕ್ಕೆ ತಿರುಗಿಸಿದ್ರಂತೂ ಗೋಡೆಗೆ ಬಡಿದು ಡಬಲ್ ಆಗಿ ಕೇಳೋದು, ಪಕ್ಕದ ಬೈಕಿನವ್ನೂ ತಿರುಗಿ ನೋಡೋನು. ನೆಟ್ಟಗೆ ಹೋದ್ರೆ ಬಹಳ ಕಮ್ಮಿ, ಎಡಕ್ಕೆ ತಿರುಗಿಸಿದ್ರೆ ಮಾಯ.

ಇಲ್ಲಿಂದ ನನ್ನ ತಲೆ ಕೆಟ್ಟಿದ್ದು. ಸ್ಟೀರಿಂಗ್ ತಿರುಗಿಸಿದಾಗ ಸೌಂಡ್ ಅಂದ ತಕ್ಷಣ ಎಲ್ರೂ ಮುಂದಿನ ಚಕ್ರಕ್ಕೇ ಬೀಳ್ತಾರೆ. ಸರ್ವೀಸ್ ಸೆಂಟರ್‌ನಲ್ಲಿ ಮುಂದಿನ ಹಬ್ (ಚಕ್ರದ ನಡು) ಬೇರಿಂಗ್ ಎರಡೂ ಕಡೆ, ಬಾಲ್ ಜಾಯಿಂಟ್, ಪವರ್ ಸ್ಟೀರಿಂಗ್ ಪಂಪ್ ಅಂತ ಉದ್ದ ಎಸ್ಟಿಮೇಟ್ ಬರೆದು ಕೊಟ್ರು, ಗಾಡಿನ ಒಂದು ರೌಂಡ್ ಓಡಿಸಿ ಕೂಡ ನೋಡಿರಲಿಲ್ಲ! ನಿಂತಲ್ಲೇ ಇಂಜಿನ್ ಆನ್ ಮಾಡಿ ಸ್ಟೀರಿಂಗ್ ಆ ಕಡೆಯಿಂದ ಈ ಕಡೆ ಪೂರ್ತಿ ತಿರುಗಿಸಿದ್ರೆ ಒಂದು ಚೂರೂ ಸೌಂಡ್ ಇಲ್ಲ, ಮತ್ತೆ ಪಂಪ್ ಯಾಕೆ ಬಿಚ್ಚಬೇಕು ಅಂದ್ರೆ ಉತ್ತರ ಇಲ್ಲ. ಇನ್ನೊಬ್ಬ ಗೆಳೆಯ ಕಾರಿನ ವಿಡಿಯೋ ನೋಡಿ ಸಿವಿ ಜಾಯಿಂಟ್ (ಇಂಜಿನ್ ಪವರ್ನ ಮುಂದಿನ ಚಕ್ರಕ್ಕೆ ಮುಟ್ಟಿಸೋ ಕೀಲು) ಹೋಗಿದೆ ಅಂದ. ಅಲ್ಲಪ್ಪಾ, ಹಿಂದಿನ ಚಕ್ರ ಓಡಿಸೋ ಗಾಡಿಗೆ ಮುಂದೆ ಎಲ್ಲಿಂದ ಬರಬೇಕು ಸಿವಿ ಜಾಯಿಂಟು.

ಕೊನೆಗೆ ದಾರಿ ತೋರಿಸಿದ್ದು ಮಂಡಕ್ಕಿನೇ. ಹೋಗುವಾಗ ಬಲಕ್ಕೆ ಎಷ್ಟು ತಿರುಗಿಸಿದ್ರೂ ಸೌಂಡ್ ಹೆಸರಿಗಷ್ಟೇ, ಎಣ್ಣೆ ಟಿನ್ ತುಂಬ್ಕೊಂಡು ವಾಪಸ್ ಬರುವಾಗ ಜೋರು. ಲೋಡ್ ಭಾರ ಬೀಳೋದು ಹಿಂದಿನ ಆಕ್ಸಲ್ ಮೇಲೆ, ಬಲಕ್ಕೆ ತಿರುಗಿಸಿದ್ರೆ ಗಾಡಿ ವಾಲೋದು ಎಡಕ್ಕೆ. ಅಂದ್ರೆ ಹಿಂದಿನ ಎಡ ಚಕ್ರ.

ಪಿ.ಬಿ. ರೋಡ್ ಕಡೆ ಒಬ್ರು ಹಳೇ ಮೇಸ್ತ್ರಿ ಇದಾರೆ, ಶೆಡ್ಡಿಗೆ ಬೋರ್ಡೂ ಇಲ್ಲ. ಅವ್ರಿಗೆ ಇದನ್ನ ಹೇಳಿದ್ದೇ ತಡ, "ಹತ್ತಣ್ಣಾ, ಓಡಿಸಿ ನೋಡಾಣ" ಅಂದ್ರು. ಖಾಲಿ ರೋಡಲ್ಲಿ ಸ್ಪೀಡ್ ಹಿಡಿದು ನ್ಯೂಟ್ರಲ್ ಮಾಡಿಸಿದ್ರು, ಸೌಂಡ್ ಹಂಗೇ ಇತ್ತು. ಆಕ್ಸಿಲರೇಟರ್ ಒತ್ತಿದಾಗ ಬಿಟ್ಟಾಗ ಸೌಂಡ್ ಬದಲಾದ್ರೆ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ನಡುವಿನ ಗೇರು) ಕಡೆ ಡೌಟ್ ಪಡಬೇಕಂತೆ, ಇದು ಬರೀ ಚಕ್ರದ ಸ್ಪೀಡಿಗೆ ಏರಿ ಇಳೀತಿತ್ತು. ವಾಪಸ್ ಬಂದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಜಾಕಿ ಹಾಕಿ, ಒಂದು ಕೈಲಿ ಚಕ್ರ ತಿರುಗಿಸ್ತಾ ಇನ್ನೊಂದು ಕೈ ಕಮಾನ್ ಪ್ಲೇಟ್ ಮೇಲೆ ಇಟ್ರು. ನನ್ನ ಕೈನೂ ಇಡ್ಸಿದ್ರು. ಎಡಗಡೆ ಕರಕರ ಅಂತ ಅಂಗೈಗೆ ಬರ್ತಿತ್ತು, ಬಲಗಡೆ ಏನೂ ಇಲ್ಲ. ಎಸ್ಟಿಮೇಟ್ ಬರೆದವ್ರಿಗೆ ಇಷ್ಟು ಮಾಡೋಕೆ ಹತ್ತು ನಿಮಿಷ ಇರಲಿಲ್ಲ.

ಡ್ರಮ್ ಬಿಚ್ಚಿದ್ರೆ ಒಳಗೆ ಹೌಸಿಂಗ್ ಆಯಿಲ್ (ಆಕ್ಸಲ್ ಒಳಗಿನ ಗೇರ್ ಆಯಿಲ್) ಜಿಡ್ಡು, ಬ್ರೇಕ್ ಲೈನರ್ ಎಲ್ಲ ನೆಂದಿದೆ. ಆಯಿಲ್ ಸೀಲ್ ಹೋಗಿತ್ತು, ಬೇರಿಂಗ್ ರೇಸಲ್ಲಿ (ಒಳಗಿನ ಗುಂಡು ಓಡೋ ಬಳೇಲಿ) ಸಣ್ಣ ಸಣ್ಣ ಗುಂಡಿ ಬಿದ್ದಿದ್ವು. ಬಿಸಿ ಆಗಿರೋ ಹಬ್ಬು ನಿಂತ ನೀರಲ್ಲಿ ಇಳಿದ್ರೆ ಸವೆದ ಸೀಲ್ ನೀರು ಕೆಸರು ಒಳಗೆ ಎಳ್ಕೊಳ್ಳುತ್ತೆ ಅಂದ್ರು, ಮಳೆಗಾಲದಲ್ಲಿ ನಮ್ಮ ಅಂಡರ್‌ಪಾಸ್‌ಗಳ ಕಥೆ ಗೊತ್ತಲ್ಲ. ಈ ಗಾಡೀಲಿ ಆಕ್ಸಲ್ ಶಾಫ್ಟ್ ಹೊರಗೆ ಬರದಂಗೆ ಹಿಡಿದಿರೋದೇ ಆ ಬೇರಿಂಗು ಮತ್ತೆ ಅದರ ಕಾಲರ್ರು (ಶಾಫ್ಟಿಗೆ ಬಿಗಿಯಾಗಿ ಕೂರೋ ಬಳೆ). ಪೂರ್ತಿ ಹೋದ್ರೆ ಶಾಫ್ಟ್ ಸಮೇತ ಚಕ್ರನೇ ಆಚೆ ಬರ್ತದೆ. ಅದನ್ನ ಕೇಳಿ ನಂಗೆ ಕೂತಲ್ಲೇ ಬೆವರು.

ಮನೇಲಿ ಮಾಡ್ತೀನಿ ಅನ್ನೋ ಕೆಲಸ ಅಲ್ಲ ಇದು. ಶಾಫ್ಟ್ ಎಳೆದು, ಕಾಲರ್ ಗ್ರೈಂಡರ್‌ನಲ್ಲಿ ಅರ್ಧ ಕುಯ್ದು ಉಳಿದಿದ್ದನ್ನ ಉಳಿ ಹೊಡೆದು ಸೀಳಿ, ಲೇತ್ ಅಂಗಡೀಲಿ ಪ್ರೆಸ್ ಹಾಕಿಸಿ ಹೊಸ ಬೇರಿಂಗ್ ಹೊಸ ಕಾಲರ್ ಕೂರಿಸಬೇಕು, ಸುತ್ತಿಗೇಲಿ ಬಡಿದು ಕೂರಿಸಿದ್ರೆ ಹೊಸದೂ ಬೇಗ ಹೋಗುತ್ತೆ. ಜೊತೆಗೆ ಸೀಲು, ಹಿಂದಿನ ಎರಡೂ ಚಕ್ರದ ಲೈನರ್ರು, ಹೌಸಿಂಗ್ ಆಯಿಲ್. ಲೇಬರ್ ಸೇರಿ ಬಂದ ಬಿಲ್ಲು ಆ ಎಸ್ಟಿಮೇಟಿನ ಕಾಲು ಭಾಗನೂ ಇಲ್ಲ. ಬೇರಿಂಗ್ ಮಾತ್ರ ಲೋಕಲ್ ಮಾಲ್ ಬೇಡ ಅಂತ ಹೇಳಿ ಒಳ್ಳೇದೇ ತರಿಸಿದೆ, ಅಲ್ಲಿ ಉಳಿಸೋಕೆ ಹೋಗಬೇಡಿ.

ಹೊಸದು ಹಾಕಿದ ಮೇಲೆ ಎಣ್ಣೆ ಟಿನ್ ಫುಲ್ ಲೋಡಲ್ಲಿ ಅದೇ ಅಂಡರ್‌ಪಾಸ್‌ನಲ್ಲಿ ತಿರುಗಿಸಿದೆ, ಟಿನ್ ಸೌಂಡ್ ಬಿಟ್ರೆ ಏನಿಲ್ಲ. ಬ್ರೇಕ್ ಹಿಡಿದಾಗ ಒಂದು ಕಡೆ ಎಳೀತಿದ್ದಿದ್ದೂ ಹೋತು, ಅದೂ ಲೈನರ್ ಮೇಲಿನ ಆಯಿಲ್ ಕೆಲಸನೇ ಅಂತ ಆಮೇಲೆ ಗೊತ್ತಾಗಿದ್ದು.

ಗಾಡಿ ಮೇಲೆ ಇದ್ದ ಸಿಟ್ಟು ಇಳಿದಿದೆ. ಇಂಜಿನ್ ಬಗ್ಗೆ ಒಂದು ಕಂಪ್ಲೇಂಟ್ ಇಲ್ಲ, ಚಳ್ಳಕೆರೆ ಬಿಸಿಲಲ್ಲಿ ಕ್ಯಾಬಿನ್ ಕಾದ ಹಂಚು, ಸೀಟು ಸುಮಾರು. ನನ್ನ ಬಜೆಟ್‌ಗೆ ಮತ್ತೆ ತಗೊಂಡ್ರೂ ಇದನ್ನೇ. ಸೆಕೆಂಡ್ಸ್ ನೋಡೋಕೆ ಹೋಗೋರು ಹಿಂದಿನ ಚಕ್ರದ ಒಳಮೈಗೆ ಟಾರ್ಚ್ ಬಿಡಿ, ಆಯಿಲ್ ಗೀರು ಕಂಡ್ರೆ ರೇಟಲ್ಲಿ ಇಳಿಸಿ. ಮತ್ತೆ ಟ್ರಯಲ್ ಖಾಲಿ ಗಾಡೀಲಿ ನೋಡಬೇಡಿ, ನಾಲ್ಕು ಚೀಲ ಸಿಮೆಂಟ್ ಆದ್ರೂ ಹಾಕ್ಸಿ ಸರ್ಕಲ್ ಸುತ್ತಿ. ಓನರ್ ಮುಖ ಸೊಟ್ಟ ಮಾಡಿದ್ರೆ ಮಾಡ್ಲಿ.