ಕುಟುಂಬದ ಟ್ರಸ್ಟ್: ರದ್ದು ಮಾಡುವ ಹಕ್ಕು ಇಟ್ಟುಕೊಳ್ಳಬೇಕೇ, ಬಿಡಬೇಕೇ?

ಕೊಡಗಿನಲ್ಲಿ ಕಾಫಿ ತೋಟವನ್ನು ಹರಿದು ಹಂಚುವ ಬದಲು ಕುಟುಂಬದ ಟ್ರಸ್ಟಿಗೆ ಒಪ್ಪಿಸಲು ಯೋಚಿಸುವವರು, ಮುಂದೆ ಅದನ್ನು ಬದಲಿಸುವ ಅಥವಾ ಮುಗಿಸುವ ದಾರಿ ಯಾವುದೆಂಬುದನ್ನು ಪತ್ರ ನೋಂದಣಿಯಾಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ರದ್ದು ಮಾಡುವ ಹಕ್ಕನ್ನು ಪತ್ರದಲ್ಲಿ ಸ್ಪಷ್ಟವಾಗಿ ಉಳಿಸಿಕೊಂಡರೆ, 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 78ನೇ ಕಲಮಿನಂತೆ ಟ್ರಸ್ಟ್ ಮಾಡಿದವರೇ ಅದನ್ನು ಕೊನೆಗೊಳಿಸಬಹುದು. ಆದರೆ ಅದುವರೆಗೆ ಟ್ರಸ್ಟಿಗಳು ಕ್ರಮಬದ್ಧವಾಗಿ ಮಾಡಿದ ಕೆಲಸಕ್ಕೆ ಧಕ್ಕೆ ತರುವಂತಿಲ್ಲ. ತೆರಿಗೆಗೆ ಒಳಪಡುವ ಆದಾಯವೂ ಸಾಮಾನ್ಯವಾಗಿ ಟ್ರಸ್ಟ್ ಮಾಡಿದವರದೇ ಲೆಕ್ಕಕ್ಕೆ ಸೇರುತ್ತದೆ.

ಹಕ್ಕನ್ನು ಬಿಟ್ಟುಕೊಟ್ಟರೆ ಮಾತೇ ಬೇರೆ. ಫಲಾನುಭವಿಗಳೆಲ್ಲರೂ ಕರಾರು ಮಾಡಲು ಅರ್ಹರಾಗಿದ್ದು, ಎಲ್ಲರೂ ಒಪ್ಪಿದರೆ ಮಾತ್ರ ರದ್ದತಿ ಸಾಧ್ಯ. ಪಟ್ಟಿಯಲ್ಲಿ ಹತ್ತು ವರ್ಷದ ಮೊಮ್ಮಗಳೊಬ್ಬಳಿದ್ದರೆ ಉಳಿದ ಆರು ಮಂದಿಯ ಸಹಿಯೂ ಸಾಲದು. ಮಳೆಗೆ ಬರೆ ಕುಸಿದ ಒಂದು ಎಕರೆಯನ್ನು ಮಾರುವುದಕ್ಕಾಗಿ ಪತ್ರದ ನಿಬಂಧನೆಯೊಂದನ್ನು ಬದಲಿಸುವುದಿದ್ದರೂ, 11ನೇ ಕಲಮಿನಂತೆ ಅವಳ ಪರವಾಗಿ ಒಪ್ಪಿಗೆ ಕೊಡಬೇಕಾದದ್ದು ಸಿವಿಲ್ ನ್ಯಾಯಾಲಯವೇ ಹೊರತು ತಂದೆತಾಯಿಯಲ್ಲ. ಆ ಮಗುವಿನ ಪಾಲಿಗೆ ಇದು ನಿಜವಾದ ರಕ್ಷಣೆ, ಹಾಗಾಗಿ ಮಕ್ಕಳ ನಡುವೆ ಮನಸ್ತಾಪವಿರುವ ಮನೆಗೆ ನಾನು ಇದನ್ನೇ ಸೂಚಿಸುತ್ತೇನೆ.

ಊರಿನ ಧರ್ಮಕಾರ್ಯಕ್ಕೆಂದು ಮಾಡುವ ಸಾರ್ವಜನಿಕ ಟ್ರಸ್ಟಿಗೆ ಈ ಕಾಯ್ದೆ ಅನ್ವಯಿಸದು. ಅದರ ವ್ಯವಸ್ಥೆ ಬದಲಿಸಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗದವರು ಉಯಿಲಿನ ಮೂಲಕ ಟ್ರಸ್ಟ್ ಮಾಡುವುದು ಮೇಲು, ಏಕೆಂದರೆ ಬದುಕಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು.