ಐವತ್ತು ದಾಟಿದವ್ರಿಗೆ ಅಂತ ಇರೋ ರೆಸ್ಯೂಮೆ ಸರ್ವಿಸ್: ಐದಕ್ಕೆ ಮೂರು ಸ್ಟಾರ್

ಮೂರು ಸ್ಟಾರ್‌ನಲ್ಲಿ ಎರಡು ಒಬ್ರೇ ಕೋಚ್‌ಗೆ ಹೋಗ್ಬೇಕು, ಅವ್ರ ವಿಷ್ಯ ಆಮೇಲೆ ಹೇಳ್ತೀನಿ.

ನಂಗೀಗ 53. ಸಪ್ಲೈ ಚೈನ್‌ನಲ್ಲಿ 27 ವರ್ಷ ದುಡಿದೆ, ಕಂಪ್ನಿಯವ್ರು ರೀಸ್ಟ್ರಕ್ಚರಿಂಗ್ ಅಂದ್ರು, ಲಿಸ್ಟ್‌ನಲ್ಲಿ ನನ್ ಹೆಸ್ರು, ಹಿಂದೆ ಮುಂದೆ ಇದ್ದ ಹೆಸ್ರುಗಳು ನೋಡಿದ್ರೆ ಎಲ್ಲಾ ನನ್ ಓರಗೆಯವ್ರೇ. ಆಮೇಲೆ ಎಂಟು ತಿಂಗ್ಳು ಅಪ್ಲೈ ಮಾಡಿದ್ದೇ ಮಾಡಿದ್ದು. ಒಬ್ರು ಓವರ್‌ಕ್ವಾಲಿಫೈಡ್ ಅಂತಾರೆ, ಇನ್ನೊಬ್ರು ಕಲ್ಚರ್ ಫಿಟ್ ಇಲ್ಲ ಅಂತಾರೆ, ಮತ್ತೊಬ್ಬ ನಮ್ದು ಯಂಗ್ ಟೀಮ್ ಸಾರ್ ಅಂತಾನೆ, ವಯಸ್ಸು ಅನ್ನೋ ಪದ ಮಾತ್ರ ಯಾರೂ ಆಡಲ್ಲ. ಅಮೆರಿಕದಲ್ಲಿ 40 ದಾಟಿದವ್ರನ್ನ ವಯಸ್ಸಿನ ಕಾರಣಕ್ಕೆ ಹೊರಗಿಡಬಾರ್ದು ಅಂತ 1967ರಲ್ಲೇ ಕಾನೂನು ಮಾಡಿದಾರೆ, ಅಲ್ಲೂ ಇದೇ ಕಥೆ, ಬಾಯಿಬಿಟ್ಟು ಹೇಳಿದ್ರೆ ತಾನೇ ಪ್ರೂವ್ ಮಾಡೋಕಾಗೋದು. ಸರಿ ಅಂತ ದುಡ್ಡು ಕಟ್ಟಿ ಈ ಸರ್ವಿಸ್ ತಗೊಂಡೆ. ರೆಸ್ಯೂಮೆ ಬರೆದುಕೊಡೋದು, ಒಂದಷ್ಟು ವಿಡಿಯೋ, ಎರಡು ಮಾಕ್ ಇಂಟರ್‌ವ್ಯೂ, ಅಂದ್ರೆ ಕೋಚ್ ಒಬ್ರು ಕೂತು ಮಾಡೋ ಪ್ರಾಕ್ಟೀಸ್ ಇಂಟರ್‌ವ್ಯೂ.

ಮೊದ್ಲು ರೆಸ್ಯೂಮೆ. ಡಿಗ್ರಿ ಮುಗಿಸಿದ ವರ್ಷ ಔಟ್. ಕೊನೇ 12 ವರ್ಷ ಬಿಟ್ಟು ಅದಕ್ಕಿಂತ ಹಿಂದಿನ ಕೆಲ್ಸ ಎಲ್ಲಾ ಔಟ್. ಇಮೇಲ್ ಐಡಿ ಕೊನೇಲಿ ಹುಟ್ಟಿದ ವರ್ಷ ಇಟ್ಕೊಂಡಿದ್ದೆ, ಅದನ್ನ ಹಿಡಿದಿದ್ದು ಮಾತ್ರ ಶಭಾಷ್ ಅನ್ನಿಸ್ತು, ಇಷ್ಟು ದಿನ ನಾನೇ ನನ್ ಜಾತಕ ಕಳಿಸ್ತಾ ಇದ್ದೆ. ವಿಡಿಯೋ ಕಾಲ್‌ಗೆ ಮುಂಚೆ ಕೂದ್ಲಿಗೆ ಬಣ್ಣ ಹಾಕ್ಕೊಳಿ ಅಂತ್ಲೂ ಒಂದು ಸಲಹೆ ಇತ್ತು (ಕೂದ್ಲಿದ್ರೆ ತಾನೇ). ಅಷ್ಟೆಲ್ಲಾ ಮಾಡಿ ಅಪ್ಲೈ ಮಾಡೋಕೆ ಕೂತ್ರೆ ಆನ್‌ಲೈನ್ ಫಾರ್ಮ್‌ನಲ್ಲಿ ಪಾಸಾದ ವರ್ಷ ತುಂಬದೆ ನೆಕ್ಸ್ಟ್ ಬಟನ್ನೇ ಒತ್ತೋಕಾಗಲ್ಲ, ಮುಚ್ಚಿಟ್ಟಿದ್ದೆಲ್ಲಾ ನೀರಲ್ಲಿ ಹೋಮ. ಇದನ್ನ ಸಪೋರ್ಟ್‌ಗೆ ಬರೆದೆ, "ನಿಮ್ಮ ಫೀಡ್‌ಬ್ಯಾಕ್‌ಗೆ ಧನ್ಯವಾದ" ಅಂತ ಬಂತು, ಅಷ್ಟೇ.

ಇನ್ನು ವಿಡಿಯೋಗಳು. ಇಲ್ಲಿ ನಂಗೆ ನಗು ಬಂತು, ಯಾಕಂದ್ರೆ ರೆಸ್ಯೂಮೆ ಟೀಮ್‌ನವ್ರು 15 ವರ್ಷ ಅಳಿಸಿ ಅಂತಾರೆ, ವಿಡಿಯೋದವ್ರು ನಿಮ್ಮ ಅನುಭವವೇ ನಿಮ್ಮ ಆಸ್ತಿ ಅಂತಾರೆ, ಎತ್ತು ಏರಿಗೆಳೀತು ಕೋಣ ನೀರಿಗೆಳೀತು. KFC ಚಿಕನ್ ಶುರು ಮಾಡಿದ ಕರ್ನಲ್ ಸ್ಯಾಂಡರ್ಸ್ ಇಲ್ದೆ ಇಂಥ ವಿಡಿಯೋ ಇರುತ್ತಾ, ಮುದುಕ ಒಬ್ಬ ಬರಿಗೈಲಿ ಎದ್ದು ಹೊರಟ ಅನ್ನೋ ಥರ ತೋರಿಸ್ತಾರೆ. ಆತ 1930ರಿಂದ ಕೆಂಟಕಿಯಲ್ಲಿ ಜನಕ್ಕೆ ಅಡುಗೆ ಮಾಡಿ ಬಡಿಸ್ತಿದ್ದವ, ಮೊದಲ ಫ್ರಾಂಚೈಸಿ ಕೊಟ್ಟಿದ್ದು 1952ರಲ್ಲಿ, ನಡುವಿನ ಆ ಇಪ್ಪತ್ತೆರಡು ವರ್ಷ ವಿಡಿಯೋದಲ್ಲಿ ಇಲ್ವೇ ಇಲ್ಲ. ಅವ್ನ ರೆಸ್ಯೂಮೆನೂ ಇವ್ರೇ ಬರೆದ್ರೇನೋ.

ನಾನಾಗಿದ್ರೆ ಜಾನ್ ಗುಡೆನಫ್ ಅವರ ಕಥೆ ಹಾಕ್ತಿದ್ದೆ. ಲಿಥಿಯಂ ಬ್ಯಾಟರಿಗೆ ದಾರಿ ಮಾಡಿಕೊಟ್ಟ ಕೆಲ್ಸ ಆಕ್ಸ್‌ಫರ್ಡ್‌ನಲ್ಲಿ ಮಾಡಿದಾಗ ಅವ್ರಿಗೆ ಹತ್ರತ್ರ 58, ಆಮೇಲೆ ಅಲ್ಲಿನ ರಿಟೈರ್‌ಮೆಂಟ್ ರೂಲ್ ಬೇಡ ಅಂತ 1986ರಲ್ಲಿ ಟೆಕ್ಸಸ್ ಯೂನಿವರ್ಸಿಟಿಗೆ ಹೋಗಿ ಲ್ಯಾಬ್‌ನಲ್ಲಿ ಕೂತ್ರು, 2019ರಲ್ಲಿ ನೊಬೆಲ್ ಬಂದಾಗ 97. ನಂಗೆ ಯಂಗ್ ಟೀಮ್ ಅಂದ ಆ ಹುಡ್ಗನ ಫೋನ್ ಒಳಗಿರೋದೂ ಅದೇ ಥರದ ಬ್ಯಾಟರಿ.

ಈಗ ಕೋಚ್. ಆಯಮ್ಮಂಗೆ ಅರವತ್ತರ ಮೇಲಿರ್ಬೇಕು, ಮುಖ ನೋಡಿ ಮಾತಾಡೋ ಹೆಂಗಸು. "ನಿಮಗಿಂತ 20 ವರ್ಷ ಚಿಕ್ಕೋರ ಕೈಕೆಳಗೆ ಕೆಲ್ಸ ಮಾಡ್ತೀರಾ?" ಅಂತ ಕೇಳಿದ್ರು, ಓಹೋ ಮಾಡ್ತೀನಿ ಅಂದು ಭಾಷಣ ಶುರು ಹಚ್ಕೊಂಡೆ. ಮುಗಿದ ಮೇಲೆ ತಣ್ಣಗೆ ಹೇಳಿದ್ರು, ನೀವು ಏಳು ಸಲ "ನಮ್ ಕಾಲದಲ್ಲಿ" ಅಂದ್ರಿ ಸಾರ್, ಡಿಗ್ರಿ ವರ್ಷ ತೆಗೀಬೇಡಿ, ಅದನ್ನ ತೆಗೀರಿ. ಕಪಾಳಕ್ಕೆ ಹೊಡೆದ ಹಾಗಾಯ್ತು. ತಪ್ಪೆಲ್ಲಾ ಆ ಕಡೆಯವ್ರದ್ದೇ ಅಂದ್ಕೊಂಡಿದ್ದೆ, ಬಹುಪಾಲು ಹೌದು ಈಗ್ಲೂ, ಆದ್ರೆ ಈ ಏಳು ನಂದೇ. ಅಳಿಸಿದ್ದ ಪುಟ ವಾಪಸ್ ಹಾಕ್ಸಿದ್ರು, ಅದ್ರಲ್ಲಿ ಮೂರು ಸಲ ಸಾಫ್ಟ್‌ವೇರ್ ಬದಲಾದಾಗ ಇಡೀ ಗೋಡೌನ್ ಲೆಕ್ಕ ಹೊಸದಕ್ಕೆ ಶಿಫ್ಟ್ ಮಾಡ್ಸಿದ್ದು ಇತ್ತು. ಹೊಸ ಟೂಲ್ ಕಲೀತೀರಾ ಅಂತ ಕೇಳಿದ್ರೆ ಇದನ್ನೇ ಹೇಳಿ ಅಂದ್ರು.

ತಗೊಳ್ಳೋರಿದ್ರೆ ಮಾಕ್ ಇಂಟರ್‌ವ್ಯೂ ಮಾತ್ರ ಬೇರೆಯಾಗಿ ಸಿಗುತ್ತೆ, ಅಷ್ಟೇ ತಗೊಳ್ಳಿ, ಫುಲ್ ಪ್ಯಾಕೇಜ್ ದಂಡ. ಅಂದಹಾಗೆ ಇವ್ರ ಸೈನ್‌ಅಪ್ ಫಾರ್ಮ್‌ನಲ್ಲಿ ವಯಸ್ಸಿನ ಜಾಗದಲ್ಲಿ 25ರಿಂದ 49ರ ತನಕ ಐದೈದು ವರ್ಷಕ್ಕೊಂದು ಸಾಲಿದೆ, ಆಮೇಲೆ "50 ಮತ್ತು ಮೇಲ್ಪಟ್ಟು" ಅಂತ ಎಲ್ರನ್ನೂ ಒಂದೇ ಚೀಲಕ್ಕೆ ತುಂಬಿದಾರೆ.

ಕೆಲ್ಸ ಸಿಕ್ತಾ ಅಂತ ಕೇಳೋರಿಗೆ, ಒಂದ್ಕಡೆ ಎರಡನೇ ರೌಂಡ್ ಆಗಿದೆ. ಇಂಟರ್‌ವ್ಯೂ ಮಾಡಿದ ಹುಡ್ಗಿ ಅರ್ಧ ಗಂಟೆ ಆ ಗೋಡೌನ್ ಲೆಕ್ಕದ ಬಗ್ಗೆನೇ ಕೇಳಿದ್ಲು.