ಸೂಕಿ ಸ್ಟ್ಯಾಕ್‌ಹೌಸ್ ಸರಣಿ: ಬಿಲ್‌ನಿಂದ ಎರಿಕ್‌ಗೆ ವಾಲಿದ ಒಲವು, ಕೊನೆಗೆ ಉಳಿದ ಮುನಿಸು

ಅಮೆರಿಕದ ಲೇಖಕಿ ಶಾರ್ಲೇನ್ ಹ್ಯಾರಿಸ್ ಅವರ ಸೂಕಿ ಸ್ಟ್ಯಾಕ್‌ಹೌಸ್ ಸರಣಿಯಲ್ಲಿ ಒಟ್ಟು 13 ಕಾದಂಬರಿಗಳಿವೆ. ಮೊದಲನೆಯದಾದ ‘ಡೆಡ್ ಅಂಟಿಲ್ ಡಾರ್ಕ್’ 2001ರಲ್ಲಿ ಬಂತು. ಕೊನೆಯದಾದ ‘ಡೆಡ್ ಎವರ್ ಆಫ್ಟರ್’ 2013ರ ಮೇ ತಿಂಗಳಲ್ಲಿ ಬಂತು. ಈ ಹನ್ನೆರಡು ವರ್ಷಗಳಲ್ಲಿ ಸರಣಿಯ ಓದುಗರು ಒಬ್ಬ ನಾಯಕನನ್ನು ಮೆಚ್ಚಿ, ಅವನನ್ನು ಬಿಟ್ಟು ಇನ್ನೊಬ್ಬನ ಕಡೆಗೆ ವಾಲಿ, ಕೊನೆಗೆ ಲೇಖಕಿಯ ಮೇಲೆಯೇ ತಿರುಗಿಬಿದ್ದರು. ಹದಿಮೂರನ್ನೂ ಈಗ ಒಂದರ ಹಿಂದೆ ಒಂದರಂತೆ ಓದುವವರಿಗೆ ಆ ಗಲಾಟೆಯ ಬಿಸಿ ತಟ್ಟಲಾರದು, ಆದರೆ ಅದು ಯಾಕೆ ಹುಟ್ಟಿತೆಂಬುದು ಪುಟಗಳಲ್ಲಿಯೇ ಕಾಣಸಿಗುತ್ತದೆ. ಲೇಖಕಿ ಆಯ್ದುಕೊಂಡ ಅಂತ್ಯ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಅಲ್ಲಿಗೆ ತಲುಪಲು ಅವರು ಹಿಡಿದ ದಾರಿಯ ಬಗ್ಗೆ ನನಗೆ ಸಾಕಷ್ಟು ತಕರಾರುಗಳಿವೆ.

ಕಥೆ ನಡೆಯುವುದು ಲೂಸಿಯಾನಾ ರಾಜ್ಯದ ಬಾನ್ ಟೋಂ ಎಂಬ ಕಾಲ್ಪನಿಕ ಊರಿನಲ್ಲಿ. ಜಪಾನಿನವರು ಕೃತಕ ರಕ್ತವನ್ನು ಕಂಡುಹಿಡಿದು ಬಾಟಲಿಯಲ್ಲಿ ಮಾರತೊಡಗಿದ ಮೇಲೆ, ರಕ್ತ ಕುಡಿದು ಬದುಕುವ, ಶತಮಾನಗಳಿಂದ ಅಡಗಿದ್ದ ವ್ಯಾಂಪೈರುಗಳು ತಾವಿದ್ದೇವೆಂದು ಜಗತ್ತಿಗೆ ಸಾರಿ ಹೊರಬಂದಿವೆ. ಸೂಕಿ ಅಲ್ಲಿನ ಮೆರ್ಲಾಟ್ಸ್ ಎಂಬ ಬಾರಿನಲ್ಲಿ ಟೇಬಲ್‌ಗಳಿಗೆ ಬಡಿಸುವ ಕೆಲಸದವಳು. ಎದುರಿಗಿದ್ದವರ ಮನಸ್ಸಿನಲ್ಲಿ ಏನು ಓಡುತ್ತಿದೆಯೆಂದು ಅವಳಿಗೆ ಕೇಳಿಸುತ್ತದೆ, ಬೇಡವೆಂದರೂ ಕೇಳಿಸುತ್ತದೆ. ಊಟಕ್ಕೆ ಕರೆದೊಯ್ದ ಹುಡುಗ ತನ್ನ ಮೈಯ ಬಗ್ಗೆ ಏನೇನು ಯೋಚಿಸುತ್ತಿದ್ದಾನೆಂದು ಕುಳಿತಲ್ಲಿಯೇ ತಿಳಿದುಹೋದರೆ ಯಾವ ಹೆಣ್ಣಿಗೆ ತಾನೆ ಪ್ರೇಮ ಸಾಧ್ಯ? ಹೀಗಿರುವಾಗ ಬಿಲ್ ಕಾಂಪ್ಟನ್ ಎಂಬ ವ್ಯಾಂಪೈರ್ ಬಾರಿಗೆ ಬಂದು ಕೂರುತ್ತಾನೆ, ಅವನ ಮನಸ್ಸಿನಿಂದ ಅವಳಿಗೆ ಏನೂ ಕೇಳಿಸುವುದಿಲ್ಲ. ಅವಳು ಅವನತ್ತ ಸೆಳೆಯಲ್ಪಡುವುದಕ್ಕೆ ಆ ನೆಮ್ಮದಿಯೇ ಮೊದಲ ಕಾರಣ. ಅತಿಮಾನುಷ ಪ್ರೇಮಕಥೆಗಳಲ್ಲಿ ನಾಯಕಿ ನಾಯಕನ ರೂಪಕ್ಕೋ ಅಪಾಯಕ್ಕೋ ಮರುಳಾಗುವುದನ್ನು ಎಷ್ಟೋ ಕಡೆ ಓದಿದ್ದೇವೆ. ಇಲ್ಲಿ ಅವಳು ಮರುಳಾಗುವುದು ಮೌನಕ್ಕೆ. ಸರಣಿಯ ಅತ್ಯುತ್ತಮ ಕಲ್ಪನೆ ಇದು.

ಮೊದಲ ಪುಸ್ತಕದಲ್ಲಿ ಬಿಲ್‌ನನ್ನು ಇಷ್ಟಪಡದಿರುವುದು ಕಷ್ಟ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪರವಾಗಿ ಹೋರಾಡಿದ ಸೈನಿಕ ಅವನು. ಸೂಕಿಯ ಅಜ್ಜಿ ಆ ಯುದ್ಧದವರ ವಂಶಸ್ಥರ ಸಂಘವೊಂದರ ಸದಸ್ಯೆ. ಮೊಮ್ಮಗಳ ಗೆಳೆಯ ರಕ್ತ ಕುಡಿಯುವವನೆಂಬ ಗಾಬರಿಗಿಂತ, ಯುದ್ಧವನ್ನು ಕಣ್ಣಾರೆ ಕಂಡವನಿಂದ ಸಂಘದಲ್ಲಿ ಒಂದು ಉಪನ್ಯಾಸ ಕೊಡಿಸಬಹುದಲ್ಲ ಎಂಬ ಉತ್ಸಾಹವೇ ಅಜ್ಜಿಗೆ ಹೆಚ್ಚು. ಇಂಥ ತಣ್ಣನೆಯ ಹಾಸ್ಯ ಹ್ಯಾರಿಸ್ ಅವರ ದೊಡ್ಡ ಶಕ್ತಿ. ಆದರೆ ಮೂರನೆಯ ಪುಸ್ತಕ ‘ಕ್ಲಬ್ ಡೆಡ್’ ಹೊತ್ತಿಗೆ ಬಿಲ್ ಹಳೆಯ ಪ್ರೇಯಸಿಯ ಕರೆಗೆ ಓಗೊಟ್ಟು ಸೂಕಿಯನ್ನು ಬಿಟ್ಟು ಹೋಗಿರುತ್ತಾನೆ. ಅಲ್ಲಿ ಸೆರೆಸಿಕ್ಕ ಅವನನ್ನು ಬಿಡಿಸಿಕೊಂಡು ಬರಲು ಹೋದ ಅವಳ ಮೇಲೆ ಕಾರಿನ ಡಿಕ್ಕಿಯೊಳಗೆ ಅವನಿಂದಲೇ ದೌರ್ಜನ್ಯ ನಡೆಯುತ್ತದೆ. ಅವನಿಗೆ ಆಗ ಪ್ರಜ್ಞೆಯಿರಲಿಲ್ಲವೆಂಬ ಸಮಜಾಯಿಷಿಯನ್ನು ಪುಸ್ತಕ ಕೊಡುತ್ತದಾದರೂ, ಆ ಘಟನೆಗೆ ಸಲ್ಲಬೇಕಾದ ಗಂಭೀರತೆಯನ್ನು ಅಲ್ಲಿಯೂ ಕೊಡುವುದಿಲ್ಲ, ಮುಂದೆಯೂ ಕೊಡುವುದಿಲ್ಲ. ಆರನೆಯದಾದ ‘ಡೆಫಿನಿಟ್ಲಿ ಡೆಡ್’ನಲ್ಲಿ, ಬಿಲ್ ಆ ಊರಿಗೆ ಬಂದದ್ದೇ ಲೂಸಿಯಾನಾದ ವ್ಯಾಂಪೈರ್ ರಾಣಿಯ ಆಣತಿಯಂತೆ, ಸೂಕಿಯ ವಿಶ್ವಾಸ ಗಳಿಸಲೆಂದು, ಎಂಬ ಸತ್ಯ ಹೊರಬೀಳುತ್ತದೆ. ಅಲ್ಲಿಗೆ ಬಿಲ್‌ನ ಪಕ್ಷ ಬಹುಮಟ್ಟಿಗೆ ಮುಗಿಯಿತು.

ಆದರೆ ಓದುಗರು ಅದಕ್ಕೂ ಮೊದಲೇ ಗೂಡು ಬದಲಿಸಿಯಾಗಿತ್ತು. ಅದಕ್ಕೆ ನಾಲ್ಕನೆಯ ಪುಸ್ತಕ ‘ಡೆಡ್ ಟು ದಿ ವರ್ಲ್ಡ್’ ಕಾರಣ. ಎರಿಕ್ ನಾರ್ತ್‌ಮನ್ ಸಾವಿರ ವರ್ಷದ ಹಿಂದಿನ, ಉತ್ತರ ಯುರೋಪಿನ ವೈಕಿಂಗ್ ಯೋಧ, ಶ್ರೀವ್‌ಪೋರ್ಟ್ ನಗರದಲ್ಲಿ ಫ್ಯಾಂಗ್ಟೇಸಿಯಾ ಎಂಬ ಬಾರಿನ ಮಾಲೀಕ, ತನ್ನ ವಲಯದ ವ್ಯಾಂಪೈರುಗಳಿಗೆಲ್ಲ ಯಜಮಾನ. ಅಲ್ಲಿಯವರೆಗೆ ಸ್ವಾರ್ಥಿಯೂ ಚತುರನೂ ಆಗಿದ್ದ ಈ ಮನುಷ್ಯ, ಕೆಲಸ ಮುಗಿಸಿ ಸೂಕಿ ಮನೆಗೆ ಹೋಗುತ್ತಿರುವ ಹೊಸ ವರ್ಷದ ಚಳಿರಾತ್ರಿಯಲ್ಲಿ ಬರಿಗಾಲಲ್ಲಿ, ಬರಿಮೈಯಲ್ಲಿ, ಜೀನ್ಸ್ ಒಂದರಲ್ಲಿಯೇ ರಸ್ತೆಯಂಚಿನಲ್ಲಿ ಓಡುತ್ತ ಎದುರಾಗುತ್ತಾನೆ. ಮಾಟಗಾರ್ತಿಯೊಬ್ಬಳ ಶಾಪಕ್ಕೆ ಸಿಕ್ಕು ತಾನು ಯಾರೆಂಬುದನ್ನೇ ಮರೆತಿದ್ದಾನೆ. ಸೂಕಿ ಅವನನ್ನು ಮನೆಗೆ ಕರೆತಂದು, ಪಾತ್ರೆಯಲ್ಲಿ ಬಿಸಿನೀರಿಟ್ಟು, ಮಣ್ಣು ಮೆತ್ತಿದ ಪಾದಗಳನ್ನು ತೊಳೆದು, ಬೆಳಗಾಗುವ ಮುನ್ನ ಕೋಣೆಯ ಕಪಾಟಿನ ಕೆಳಗಿನ ಗುಳಿಯಲ್ಲಿ ಮಲಗಿಸುತ್ತಾಳೆ. ಆ ಗುಳಿಯನ್ನು ಹಿಂದೆ ತನಗಾಗಿ ಮಾಡಿಕೊಂಡಿದ್ದವನು ಬಿಲ್! ಈ ವ್ಯಂಗ್ಯವನ್ನು ಲೇಖಕಿ ಒತ್ತಿ ಹೇಳದೆ ಮುಂದೆ ಸಾಗುವುದರಿಂದ ಅದು ಇನ್ನಷ್ಟು ಚೆನ್ನಾಗಿ ನಾಟುತ್ತದೆ. ನೆನಪಿಲ್ಲದ ಎರಿಕ್ ಅಧಿಕಾರದ ಹಸಿವೇ ಇಲ್ಲದ, ಅವಳ ಮಾತಿಗೆ ಕಿವಿಗೊಡುವ, ನಗುವ ಗಂಡಸು. ಪುಸ್ತಕದ ಕೊನೆಯಲ್ಲಿ ನೆನಪು ಮರಳುತ್ತದೆ, ಅವಳೊಡನೆ ಕಳೆದ ದಿನಗಳು ಮಾತ್ರ ಪೂರಾ ಅಳಿಸಿಹೋಗುತ್ತವೆ. ಏನಾಯಿತೆಂಬುದು ಅವಳಿಗೂ ಓದುಗರಿಗೂ ಗೊತ್ತು, ಅವನಿಗೆ ಗೊತ್ತಿಲ್ಲ.

ಸರಣಿಯ ಹಣೆಬರಹ ಇಲ್ಲಿಯೇ ನಿರ್ಧಾರವಾಯಿತೆಂದು ನನಗನಿಸುತ್ತದೆ. ಓದುಗರು ಪ್ರೀತಿಸಿದ್ದು ಒಂದು ಪುಸ್ತಕದಲ್ಲಿ ಮಾತ್ರ ಬದುಕಿದ್ದ ಎರಿಕ್‌ನನ್ನು. ಅವನು ಮತ್ತೆ ಬಂದಾನೆಂದು ಅವರು ಒಂಬತ್ತು ಪುಸ್ತಕ ಕಾದರು. ಅಷ್ಟರಲ್ಲಿ 2008ರಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಈ ಕಾದಂಬರಿಗಳನ್ನು ಆಧರಿಸಿದ, ಅಲನ್ ಬಾಲ್ ಅವರ ‘ಟ್ರೂ ಬ್ಲಡ್’ ಧಾರಾವಾಹಿ ಶುರುವಾಗಿ, ಎರಿಕ್‌ಗೆ ಅಲೆಕ್ಸಾಂಡರ್ ಸ್ಕಾರ್ಸ್‌ಗಾರ್ಡ್ ಅವರ ಮುಖವೂ ಸಿಕ್ಕಿತು. ಧಾರಾವಾಹಿ ನೋಡಿ ಪುಸ್ತಕಕ್ಕೆ ಬಂದ ಹೊಸಬರು ಮೊದಲ ಸಾಲಿನಿಂದಲೇ ಯಾವುದೋ ಒಂದು ಪಕ್ಷದವರಾಗಿ ಬಂದವರು. ಅಗ್ಗದ ಪೇಪರ್‌ಬ್ಯಾಕ್ ಆಗಿ ಹೊರಬಂದು, ಪತ್ತೇದಾರಿ ಸಾಹಿತ್ಯಕ್ಕೆ ಕೊಡುವ ಆಂಥನಿ ಪ್ರಶಸ್ತಿ ಪಡೆದ ಮೊದಲ ಪುಸ್ತಕವನ್ನು ಕೊಲೆಯ ಒಗಟಿಗಾಗಿ ಓದಿದ್ದ ಹಳಬರು ಬೇರೆ, ಇವರು ಬೇರೆ. ಒಂದೇ ಕಥೆಗೆ ಎರಡು ಬಗೆಯ ಓದುಗರು, ಎರಡು ಬಗೆಯ ನಿರೀಕ್ಷೆ. ಪ್ರೇಮಕಾದಂಬರಿಯ ಓದುಗರಿಗೆ ನಾಯಕ ನಾಯಕಿಯರು ಕೊನೆಗೆ ಒಂದಾಗುತ್ತಾರೆಂಬುದು ಲೇಖಕರು ಕೊಟ್ಟ ಮಾತು. ಪತ್ತೇದಾರಿ ಕಾದಂಬರಿ ಬರೆಯುವವರಿಗೆ ಅಂಥ ಹಂಗಿಲ್ಲ. ಹ್ಯಾರಿಸ್ ಮೂಲತಃ ಪತ್ತೇದಾರಿ ಕಥೆಗಳನ್ನು ಬರೆಯುತ್ತಿದ್ದವರು.

ಒಂಬತ್ತನೆಯ ‘ಡೆಡ್ ಅಂಡ್ ಗಾನ್’ ಬಗ್ಗೆ ಹೇಳಲೇಬೇಕು. ಸೂಕಿಯ ಮೈಯಲ್ಲಿ ಯಕ್ಷರಂಥ ಫೇರಿ ಕುಲದ ರಕ್ತವೂ ಇದೆಯೆಂದು ಅಷ್ಟರಲ್ಲಿ ತಿಳಿದಿರುತ್ತದೆ. ಆ ಕುಲದ ಒಳಜಗಳದಲ್ಲಿ ಸಿಕ್ಕಿಬಿದ್ದ ಅವಳು ಅನುಭವಿಸುವ ಚಿತ್ರಹಿಂಸೆಯನ್ನು ಬರೆದ ರೀತಿಯಲ್ಲಿ ಹಿಂದಿನ ಲಘುತ್ವ ಪೂರ್ತಿ ಮಾಯವಾಗಿದೆ. ಸರಣಿಯ ಅತಿ ಕಠೋರ ಪುಸ್ತಕ ಇದು, ಬಹುಶಃ ಅತಿ ಪ್ರಾಮಾಣಿಕವೂ ಹೌದು. ಇದೇ ಪುಸ್ತಕದಲ್ಲಿ ಎರಿಕ್ ಅವಳ ಕೈಯಿಂದ ಆಚರಣೆಗೆ ಬಳಸುವ ಚೂರಿಯೊಂದನ್ನು ಎಲ್ಲರೆದುರು ತನಗೆ ಕೊಡಿಸಿಕೊಳ್ಳುತ್ತಾನೆ. ವ್ಯಾಂಪೈರುಗಳ ಸಂಪ್ರದಾಯದಂತೆ ಅದು ಮದುವೆಯೆಂಬುದು ಅವಳಿಗೆ ಆಮೇಲೆ ತಿಳಿಯುತ್ತದೆ. ಅವಳ ರಕ್ಷಣೆಗಾಗಿ ಮಾಡಿದೆನೆಂಬುದು ಅವನ ವಾದ. ಎರಿಕ್ ಪಕ್ಷದ ಓದುಗರು ಈ ಮದುವೆಯನ್ನು ಸಂಭ್ರಮಿಸಿದ್ದು ನನಗೆ ಇಂದಿಗೂ ಒಗಟು. ಹೆಣ್ಣಿನ ಒಪ್ಪಿಗೆ ಕೇಳದೆ ತಾಳಿ ಕಟ್ಟುವ ನಾಯಕನನ್ನು ಕನ್ನಡದ ಹಳೆಯ ಸಿನಿಮಾಗಳಲ್ಲಿ ಕಂಡು ಬೇಸತ್ತ ನಮಗಾದರೂ ಇದು ಮುಳ್ಳಿನಂತೆ ಚುಚ್ಚಬೇಕು.

ಹತ್ತರಿಂದ ಹನ್ನೆರಡರವರೆಗಿನ ಮೂರು ಪುಸ್ತಕಗಳು ಸರಣಿಯ ಸಡಿಲ ಭಾಗ. ಪಾತ್ರಗಳು ಹೆಚ್ಚುತ್ತಲೇ ಹೋಗುತ್ತವೆ, ರಷ್ಯಾದ ಕೊನೆಯ ತ್ಸಾರ್ ದೊರೆಯ ಮಗ ಅಲೆಕ್ಸಿ ಕೂಡ ವ್ಯಾಂಪೈರ್ ಆಗಿ ಬಂದುಹೋಗುತ್ತಾನೆ. ಸೂಕಿ ತಲೆ ತೊಳೆದುಕೊಂಡದ್ದು, ಏನು ತೊಟ್ಟಳು, ಏನು ಬೇಯಿಸಿದಳು ಎಂಬ ದಿನಚರಿಗೆ ಪುಟಗಟ್ಟಲೆ ಜಾಗ. ಕಥೆ ಸರಿಯುವುದು ಬೆರಳೆಣಿಕೆಯ ಪುಟಗಳಲ್ಲಿ. ಈ ನಡುವೆಯೂ ಒಂದು ಒಳ್ಳೆಯ ಎಳೆಯಿದೆ. ಎರಿಕ್‌ನ ಮೇಲಿರುವುದು ತನ್ನದೇ ಪ್ರೀತಿಯೋ ಅಥವಾ ಪರಸ್ಪರ ರಕ್ತ ಕುಡಿದದ್ದರಿಂದ ಬೆಸೆದುಕೊಂಡ ಬಂಧದ ಪ್ರಭಾವವೋ ಎಂದು ತಿಳಿಯಲು ಸೂಕಿ ಹನ್ನೊಂದನೆಯ ಪುಸ್ತಕದಲ್ಲಿ ಮಂತ್ರದ ನೆರವಿನಿಂದ ಆ ಬಂಧವನ್ನು ಕಡಿದುಹಾಕುತ್ತಾಳೆ. ಪ್ರೇಮದ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಎತ್ತಿದ ಮೇಲೆ ಅದನ್ನು ಹಿಡಿದು ಕೊನೆಮುಟ್ಟಿಸಬೇಕಿತ್ತು. ಹಾಗೆ ಮಾಡದೆ, ಎರಿಕ್‌ನನ್ನು ವ್ಯಾಂಪೈರ್ ಆಗಿಸಿದಾತ ಸಾಯುವ ಮುನ್ನ ಅವನನ್ನು ಓಕ್ಲಹೋಮಾದ ವ್ಯಾಂಪೈರ್ ರಾಣಿಗೆ ಮದುವೆಗೆ ಗೊತ್ತುಮಾಡಿದ್ದನೆಂಬ ಹೊರಗಿನ ಅಡ್ಡಿಯನ್ನು ಲೇಖಕಿ ತಂದಿಡುತ್ತಾರೆ. ಇಬ್ಬರೂ ಬೇರೆಯಾಗಬೇಕಾದದ್ದು ಸ್ವಭಾವದ ಕಾರಣಕ್ಕೆ. ಬೇರೆಯಾದದ್ದು ಒಪ್ಪಂದದ ಕಾರಣಕ್ಕೆ. ಓದುಗರು ಮೋಸ ಹೋದೆವೆಂದುಕೊಂಡದ್ದು ಇಲ್ಲಿಯೇ, ಮತ್ತು ಈ ಒಂದು ದೂರಿನಲ್ಲಿ ನಾನು ಅವರ ಕಡೆಗಿದ್ದೇನೆ.

ಹನ್ನೆರಡನೆಯ ‘ಡೆಡ್‌ಲಾಕ್ಡ್’ನ ಕೊನೆಯಲ್ಲಿ ಸೂಕಿಯ ಬಳಿ ಒಂದೇ ಒಂದು ಇಚ್ಛೆಯನ್ನು ಈಡೇರಿಸುವ ಫೇರಿಗಳ ಮಾಯಾವಸ್ತುವಿದೆ. ಅದನ್ನು ಬಳಸಿ ಆ ಮದುವೆಯಿಂದ ತನ್ನನ್ನು ಬಿಡಿಸಿಯಾಳೆಂದು ಎರಿಕ್ ಕಾಯುತ್ತಿದ್ದಾನೆ. ಅವಳ ಕಣ್ಣೆದುರೇ ಅವಳು ಕೆಲಸ ಮಾಡುವ ಬಾರಿನ ಮಾಲೀಕ ಸ್ಯಾಮ್ ಮೆರ್ಲಾಟ್ ಸತ್ತುಬೀಳುತ್ತಾನೆ, ಕ್ಷಣವೂ ಯೋಚಿಸದೆ ಅವಳು ಅದನ್ನು ಅವನನ್ನು ಬದುಕಿಸಲು ಬಳಸಿಬಿಡುತ್ತಾಳೆ. ಈ ಪುಟ ಓದಿದವರಿಗೆ ಮುಂದಿನ ಪುಸ್ತಕದಲ್ಲಿ ಅವಳು ಎರಿಕ್‌ನನ್ನು ಬಿಟ್ಟು ಸ್ಯಾಮ್‌ನ ಕಡೆಗೆ ವಾಲುವ ಅಂತ್ಯ ಆಶ್ಚರ್ಯ ತರಬಾರದಿತ್ತು. ಸೂಕಿ ಮೊದಲ ಪುಸ್ತಕದಿಂದಲೂ ಬಿಸಿಲಿಗೆ ಮೈಯೊಡ್ಡಿ ಮಲಗುವುದನ್ನು ಸುಖವೆಂದು ತಿಳಿದವಳು, ಅಜ್ಜಿಯ ಮನೆ ಬಿಟ್ಟು ಕದಲದವಳು, ಮನೆ ತೆರಿಗೆಯ ಚಿಂತೆ ಮಾಡುವವಳು, ಮನೆಯ ದಾರಿಗೆ ಎರಿಕ್ ಜಲ್ಲಿ ಹಾಕಿಸಿಕೊಟ್ಟಾಗ ಯಾವ ಒಡವೆಗೂ ಪಡದಷ್ಟು ಸಂತೋಷಪಟ್ಟವಳು. ಹಗಲನ್ನೇ ಕಾಣದವನ ಜೊತೆ ಅವಳಿಗೆ ಬಾಳುವೆಯಿಲ್ಲವೆಂಬ ಸುಳಿವು ಎಲ್ಲ ಪುಸ್ತಕಗಳಲ್ಲೂ ಹರಡಿದೆ. ಅಂತ್ಯ ಹೇಗಿರಬೇಕೆಂದು ಆರಂಭದ ಪುಸ್ತಕಗಳ ಕಾಲಕ್ಕೇ ತನಗೆ ಗೊತ್ತಿತ್ತೆಂದು ಹ್ಯಾರಿಸ್ ಹೇಳಿದ್ದಾರೆ, ನಾನು ಅದನ್ನು ನಂಬುತ್ತೇನೆ.

ಆದರೂ ‘ಡೆಡ್ ಎವರ್ ಆಫ್ಟರ್’ ದುರ್ಬಲ ಪುಸ್ತಕ. ಹನ್ನೆರಡು ಪುಸ್ತಕಗಳನ್ನು ಸೂಕಿಯ ಬಾಯಿಂದಲೇ ಕೇಳುತ್ತ ಬಂದ ನಮಗೆ ಇಲ್ಲಿ ಇದ್ದಕ್ಕಿದ್ದಂತೆ ಅವಳಿಲ್ಲದ ಕಡೆ ನಡೆಯುವ ಪ್ರಸಂಗಗಳನ್ನು ಬೇರೊಂದು ದನಿಯಲ್ಲಿ ಹೇಳಲಾಗುತ್ತದೆ, ಅದು ಕಿವಿಗೆ ಕಟುವಾಗಿ ಕೇಳುತ್ತದೆ. ಹಳೆಯ ಸಹೋದ್ಯೋಗಿಯ ಕೊಲೆಯ ಆರೋಪ ಸೂಕಿಯ ಮೇಲೆ ಬರುವುದು ಒಳ್ಳೆಯ ಆರಂಭವೇ, ಆದರೆ ಹಿಂದಿನ ಪುಸ್ತಕಗಳ ವೈರಿಗಳನ್ನೆಲ್ಲ ಹಾಜರಿ ಹಾಕಿಸುವ ಗಡಿಬಿಡಿಯಲ್ಲಿ ಒಗಟು ಸೊರಗುತ್ತದೆ. ಎರಿಕ್ ಕೆಲವೇ ಪುಟಗಳಲ್ಲಿ, ಗುರುತು ಸಿಗದಷ್ಟು ಒರಟಾಗಿ ಬಂದುಹೋಗುತ್ತಾನೆ. ಅಷ್ಟು ವರ್ಷ ಜೊತೆಗಿದ್ದ ಪಾತ್ರಕ್ಕೆ ಒಂದು ನೆಟ್ಟಗಿನ ಬೀಳ್ಕೊಡುಗೆಯೂ ಇಲ್ಲ. ಸ್ಯಾಮ್ ಗೆದ್ದನೆನ್ನುವುದಕ್ಕೂ ಆಗುವುದಿಲ್ಲ. ಅವನ ಮತ್ತು ಸೂಕಿಯ ನಡುವೆ ಪ್ರೇಮ ಮೊಳೆಯುವುದನ್ನು ತೋರಿಸುವ ಪುಟಗಳೇ ಕಡಿಮೆ, ಅವನು ಬಹುಪಾಲು ಪುಸ್ತಕವನ್ನು ಮುಖ ಗಂಟಿಕ್ಕಿಕೊಂಡೇ ಕಳೆಯುತ್ತಾನೆ.

ಬಿಡುಗಡೆಗೆ ಮೊದಲೇ ಜರ್ಮನಿಯಲ್ಲಿ ಪ್ರತಿಯೊಂದು ಹೊರಬಿದ್ದು ಅಂತ್ಯ ಬಯಲಾಯಿತು. ಮುಂಗಡ ಕೊಟ್ಟವರು ಆರ್ಡರ್ ರದ್ದು ಮಾಡುವ ಮಾತಾಡಿದರು, ಲೇಖಕಿಗೆ ಬೆದರಿಕೆಗಳೂ ಬಂದವು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ, ನಾಯಕಿಗೆ ಹೀಗೆ ಮಾಡಬೇಡಿ ಎಂದು ಸಂಪಾದಕರಿಗೆ ಕಾಗದ ಬರೆಯುತ್ತಿದ್ದವರು ನಮ್ಮಲ್ಲಿಯೂ ಇದ್ದರು, ಆ ಹಕ್ಕೊತ್ತಾಯದಲ್ಲಿ ಒಂದು ಅಕ್ಕರೆಯಿತ್ತು. ಬೆದರಿಕೆಗೆ ಯಾವ ಸಮರ್ಥನೆಯೂ ಇಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ‘ಆಫ್ಟರ್ ಡೆಡ್’ ಎಂಬ ಪುಟ್ಟ ಪುಸ್ತಕ ಮುನಿಸನ್ನು ಇನ್ನಷ್ಟು ಹೆಚ್ಚಿಸಿತು. ಪಾತ್ರಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸಿ, ಮುಂದೆ ಯಾರು ಏನಾದರೆಂದು ಹಲವರಿಗೆ ಒಂದೆರಡು ಸಾಲು ಬರೆದಿರುವ ಇದನ್ನು ಕಾದಂಬರಿಯೆಂದುಕೊಂಡು ಕೊಂಡವರು ಸಿಟ್ಟಾದದ್ದು ಸಹಜ. ಸೂಕಿ ಸ್ಯಾಮ್‌ನನ್ನು ಮದುವೆಯಾದಳೆಂಬ ಖಚಿತ ಸುದ್ದಿ ಸಿಗುವುದು ಮಾತ್ರ ಇಲ್ಲಿ, ಹೆಚ್ಚುಕಡಿಮೆ ಮನೆಗಣತಿಯ ದಾಖಲೆಯ ಧಾಟಿಯಲ್ಲಿ. ಇದಕ್ಕೆ ದುಡ್ಡು ಸುರಿಯಬೇಡಿ.

2014ರಲ್ಲಿ ಮುಗಿದ ‘ಟ್ರೂ ಬ್ಲಡ್’ ಬೇರೆಯೇ ದಾರಿ ಹಿಡಿಯಿತು. ಪುಸ್ತಕದಲ್ಲಿ ಎರಡನೆಯ ಕಾದಂಬರಿಯ ಆರಂಭದಲ್ಲೇ ಹೆಣವಾಗುವ ಅಡುಗೆಯವ ಲಾಫಯೆಟ್ ಅಲ್ಲಿ ಕೊನೆಯವರೆಗೆ ಬದುಕಿರುತ್ತಾನೆ, ಅದು ಧಾರಾವಾಹಿಯ ದೊಡ್ಡ ಲಾಭ. ಅಂತ್ಯದಲ್ಲಿ ಬಿಲ್ ಸಾಯುತ್ತಾನೆ, ತುಂಬು ಗರ್ಭಿಣಿ ಸೂಕಿಯ ಗಂಡನ ಮುಖವನ್ನು ಕ್ಯಾಮೆರಾ ತೋರಿಸುವುದೇ ಇಲ್ಲ. ಯಾವ ಪಕ್ಷಕ್ಕೂ ಬೇಸರವಾಗದಿರಲೆಂದು ಮಾಡಿದ ಉಪಾಯವಾಗಿದ್ದರೆ ಅದೂ ಫಲಿಸಲಿಲ್ಲ. ಅದರ ಪಕ್ಕದಲ್ಲಿಟ್ಟು ನೋಡಿದರೆ, ಹೆಸರು ಹಿಡಿದು ಸ್ಯಾಮ್ ಎಂದ ಹ್ಯಾರಿಸ್ ಅವರ ಧೈರ್ಯ ಎದ್ದು ಕಾಣುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಮೊದಲ ನಾಲ್ಕನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಅವು ಹಿಡಿಸಿದರೆ ಒಂಬತ್ತರವರೆಗೆ ಹೋಗಿ. ಅಲ್ಲಿಂದಾಚೆಗಿನವು ಗೆಳೆಯರ ಬಳಿ ಇದ್ದರೆ ಎರವಲು ತಂದು ಓದಿದರೆ ಸಾಕು. ಇಂಗ್ಲಿಷ್ ಸರಳ, ದಕ್ಷಿಣದ ರಾಜ್ಯಗಳ ಆಡುಮಾತಿನ ಸೊಗಡು ಎರಡು ಅಧ್ಯಾಯಗಳಲ್ಲಿ ರೂಢಿಯಾಗುತ್ತದೆ. ಕ್ರಮ ತಪ್ಪಿಸಿ ಓದಬೇಡಿ, ಯಾಕೆಂದರೆ ಪ್ರತಿ ಪುಸ್ತಕವೂ ಹಿಂದಿನದರ ಗಾಯವನ್ನು ಹೊತ್ತು ಬರುತ್ತದೆ. ಇನ್ನು ಎರಿಕ್‌ಗಾಗಿಯೇ ಓದುವವರು ಸೂಕಿಯ ಸಣ್ಣಕಥೆಗಳ ಸಂಕಲನದಲ್ಲಿರುವ ‘ಡ್ರಾಕುಲಾ ನೈಟ್’ ಕಥೆಯನ್ನು ಹುಡುಕಿಕೊಳ್ಳಬೇಕು. ಡ್ರಾಕುಲಾ ಮಹಾಶಯ ಈ ಸಲವಾದರೂ ತನ್ನ ಬಾರಿಗೆ ದಯಮಾಡಿಸಬಹುದೆಂದು ಹಬ್ಬದ ಹಿಂದಿನ ದಿನದ ಮಗುವಿನಂತೆ ಚಡಪಡಿಸುವ ಎರಿಕ್ ಅಲ್ಲಿದ್ದಾನೆ. ಕೊನೆಯ ಕಾದಂಬರಿಗಳು ಓದುಗರಿಗೆ ಕೊಡದೆ ಹೋದ ಎರಿಕ್ ಇವನೇ.